ಶಾಖಕ್ಕೆ ಯಾವ ಜರಡಿ? ಥರ್ಮೋಎಲೆಕ್ಟ್ರಿಕ್ ಪ್ರಾಜೆಕ್ಟಿಗೆ ನ್ಯಾನೊ ದಾರಿ ಆರಿಸುವ ಮುನ್ನ

ಶಿಡ್ಲಘಟ್ಟದಲ್ಲಿ ನಮ್ಮ ದೊಡ್ಡಪ್ಪನ ಮಗ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಾರೆ. ಗೂಡು ಬೇಯಿಸುವ ಒಲೆ ಬೆಳಿಗ್ಗೆ ಹೊತ್ತಿಸಿದರೆ ಮಧ್ಯಾಹ್ನ ಕಳೆದರೂ ಆರುವುದಿಲ್ಲ. ಹೋದ ವರ್ಷ ನನ್ನ ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಲೆಯ ಪಕ್ಕದ ಗೋಡೆಗೆ ಕೈ ಹಿಡಿಯೋಕಾಗಲಿಲ್ಲ, ಅಷ್ಟು ಕಾದಿತ್ತು. ಅಣ್ಣ ಕೇಳಿದರು: "ಇಷ್ಟು ಬಿಸಿ ಸುಮ್ನೆ ಹೋಗ್ತದಲ್ಲೋ ಮೇಷ್ಟ್ರೇ, ಇದ್ರಲ್ಲಿ ಒಂದು ಫ್ಯಾನ್ ಆದ್ರೂ ತಿರುಗಿಸೋಕಾಗಲ್ವಾ?"

ಆಗುತ್ತದೆ. ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗಿದ್ದರೆ ವಿದ್ಯುತ್ ಹುಟ್ಟಿಸುವ ವಸ್ತುಗಳಿವೆ, ಅವೇ ಥರ್ಮೋಎಲೆಕ್ಟ್ರಿಕ್ ವಸ್ತುಗಳು. ಸೀಬೆಕ್ ಎನ್ನುವವರು ಈ ಪರಿಣಾಮವನ್ನು ಕಂಡದ್ದು 1821ರಲ್ಲಿ. ಮಕ್ಕಳಿಗೆ ಹುಮ್ಮಸ್ಸು ಬಂತು. ಒಂದು ವಾರ ಓದಿ, ಐದಾರು ದಾರಿಗಳ ಪಟ್ಟಿ ಮಾಡಿಕೊಂಡು ಚಿಕ್ಕಬಳ್ಳಾಪುರದ ನಮ್ಮ ಲ್ಯಾಬಿಗೆ ಬಂದರು. ಪ್ರತಿ ದಾರಿಯ ಮುಂದೆ ಒಂದೊಂದು ಹೊಳೆಯುವ ಸಂಖ್ಯೆ: 1.4, 2.2, 2.4, 2.6, 3.1. "ಸಾರ್, ದೊಡ್ಡ ನಂಬರ್ ಇರೋದನ್ನೇ ಹಿಡಿಯೋಣ ಅಲ್ವಾ?" ಅಲ್ಲ. ಯಾಕೆ ಅಲ್ಲ ಅಂತ ಅವರಿಗೆ ಮೂರು ಸಂಜೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಎಷ್ಟು ಇಳಿಸೋಕೆ ಜಾಗ ಇದೆ ಅಂತ ನೋಡಿ

ಆ ಸಂಖ್ಯೆಯ ಹೆಸರು ಝಡ್‌ಟಿ. ಶಾಖವನ್ನು ವಿದ್ಯುತ್ ಮಾಡೋಕೆ ವಸ್ತು ಎಷ್ಟು ಒಳ್ಳೆಯದು ಅನ್ನುವುದರ ಅಳತೆ ಇದು. ಸೀಬೆಕ್ ಗುಣಾಂಕದ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಹುಟ್ಟುವ ವೋಲ್ಟೇಜ್) ವರ್ಗವನ್ನು ವಿದ್ಯುತ್ ವಾಹಕತೆಯಿಂದ ಗುಣಿಸಿ, ಕೆಲ್ವಿನ್ ಉಷ್ಣಾಂಶದಿಂದ ಗುಣಿಸಿ, ಶಾಖ ವಾಹಕತೆಯಿಂದ ಭಾಗಿಸಿದರೆ ಸಿಗುತ್ತದೆ. ಮೇಲಿನದು ಜಾಸ್ತಿ ಇರಬೇಕು, ಕೆಳಗಿನದು ಕಡಿಮೆ ಇರಬೇಕು. ವಿದ್ಯುತ್ ಸಲೀಸಾಗಿ ಹರಿಯಬೇಕು, ಶಾಖ ಮಾತ್ರ ಹರಿಯಬಾರದು. ತಾಮ್ರದಲ್ಲಿ ಎರಡೂ ಹರಿಯುತ್ತವೆ, ಗಾಜಿನಲ್ಲಿ ಎರಡೂ ಹರಿಯುವುದಿಲ್ಲ. ನಮಗೆ ಬೇಕಾದದ್ದು ಮಧ್ಯದ ವಿಚಿತ್ರ ಪ್ರಾಣಿ.

ಶಾಖವನ್ನು ಇಬ್ಬರು ಹೊರುತ್ತಾರೆ. ಒಬ್ಬರು ಎಲೆಕ್ಟ್ರಾನ್‌ಗಳು, ವಿದ್ಯುತ್ತನ್ನು ಹೊರುವವರೂ ಅವರೇ. ಇನ್ನೊಬ್ಬರು ಫೋನಾನ್‌ಗಳು, ಅಂದರೆ ಹರಳಿನ ಪರಮಾಣುಗಳು ಒಂದನ್ನೊಂದು ತಳ್ಳಿ ನಡುಗುವಾಗ ಸಾಗುವ ಅಲೆಗಳು. ನ್ಯಾನೊ ರಚನೆಯ ಆಟವೆಲ್ಲ ಈ ಎರಡನೆಯವರ ಮೇಲೆ. ಮೊದಲನೆಯವರನ್ನು ಮುಟ್ಟಿದರೆ ವಿದ್ಯುತ್ತೂ ಹೋಯಿತು.

ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದೇ: ನಿಮ್ಮ ವಸ್ತುವಿನಲ್ಲಿ ಫೋನಾನ್ ಪಾಲು ಎಷ್ಟು? ಬಿಸ್ಮತ್ ಟೆಲ್ಲುರೈಡ್ ತೆಗೆದುಕೊಳ್ಳಿ. ಒಟ್ಟು ಶಾಖ ವಾಹಕತೆ ಸುಮಾರು 1.5 ವ್ಯಾಟ್, ಒಂದು ಮೀಟರಿಗೆ, ಒಂದು ಕೆಲ್ವಿನ್‌ಗೆ. ಮುಂದೆಯೂ ಇದೇ ಲೆಕ್ಕದಲ್ಲಿ ಬರೀ ಸಂಖ್ಯೆ ಹೇಳುತ್ತೇನೆ. ಅದರ ವಿದ್ಯುತ್ ವಾಹಕತೆ ಮೀಟರಿಗೆ ಒಂದು ಲಕ್ಷ ಸೀಮೆನ್ಸ್ ಆಸುಪಾಸು ಇದ್ದರೆ, ವೀಡೆಮನ್-ಫ್ರಾಂಜ್ ನಿಯಮದ (ವಿದ್ಯುತ್ ಚೆನ್ನಾಗಿ ಹರಿದಷ್ಟೂ ಎಲೆಕ್ಟ್ರಾನ್‌ಗಳು ಶಾಖವನ್ನೂ ಹೊರುತ್ತವೆ ಅನ್ನುವುದು) ಪ್ರಕಾರ ಕೋಣೆಯ ಬಿಸಿಯಲ್ಲಿ ಎಲೆಕ್ಟ್ರಾನ್‌ಗಳ ಪಾಲೇ ಸುಮಾರು 0.6. ಉಳಿದ 0.9ರಲ್ಲಿ ಮಾತ್ರ ನಿಮ್ಮ ನ್ಯಾನೊ ಕೈಚಳಕ. ಅದನ್ನು ಅರ್ಧಕ್ಕೆ ಇಳಿಸಿದರೂ ಒಟ್ಟು 1ಕ್ಕೆ ಬಂದು ನಿಲ್ಲುತ್ತದೆ.

ಸಿಲಿಕಾನ್ ಇದಕ್ಕೆ ತದ್ವಿರುದ್ಧ. ಕೋಣೆಯ ಬಿಸಿಯಲ್ಲಿ ಅದರ ಶಾಖ ವಾಹಕತೆ ಸುಮಾರು 148, ಬಹುತೇಕ ಎಲ್ಲವೂ ಫೋನಾನ್‌ಗಳದ್ದೇ. ಇಳಿಸೋಕೆ ಬೇಕಾದಷ್ಟು ಜಾಗ. ನೂರು ಪಟ್ಟು ಇಳಿಸಿದವರೂ ಇದ್ದಾರೆ. ಆದರೂ ಝಡ್‌ಟಿ 1 ದಾಟಲಿಲ್ಲ. ಹೊರಟ ಜಾಗವೇ ಅಷ್ಟು ದೂರ. "ಶಾಖ ವಾಹಕತೆ ಶೇ. 90 ಇಳಿಯಿತು" ಎಂದು ಯಾರಾದರೂ ಬರೆದಿದ್ದರೆ, ಎಲ್ಲಿಂದ ಎಲ್ಲಿಗೆ ಇಳಿಯಿತು ಅಂತ ಕೇಳಿ.

ಒಂದರಿ, ಜರಡಿ, ಮೊರ

ನಮ್ಮ ಅಜ್ಜಿ ರಾಗಿ ಹಸನು ಮಾಡುವಾಗ ಒಂದೇ ಜರಡಿ ಹಿಡಿದು ಕೂರುತ್ತಿರಲಿಲ್ಲ. ಕಡ್ಡಿ, ಕಲ್ಲಿಗೆ ದೊಡ್ಡ ಕಣ್ಣಿನ ಒಂದರಿ. ಮಣ್ಣಿಗೆ ಸಣ್ಣ ಕಣ್ಣಿನ ಜರಡಿ. ಹೊಟ್ಟಿಗೆ ಮೊರ. ಕಸದಲ್ಲಿ ಮೂರು ಗಾತ್ರ ಇದ್ದರೆ ಮೂರು ಸಾಮಾನು. ಕಸ ಹೋಗಬೇಕು, ಕಾಳು ಉಳಿಯಬೇಕು.

ಫೋನಾನ್‌ಗಳೂ ಹೀಗೇ, ಒಂದೇ ಗಾತ್ರದವಲ್ಲ. ಕೆಲವು ಒಂದೆರಡು ನ್ಯಾನೊಮೀಟರ್ ಹೋಗುವಷ್ಟರಲ್ಲಿ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತವೆ. ಕೆಲವು ನೂರಾರು ನ್ಯಾನೊಮೀಟರ್, ಸಿಲಿಕಾನ್‌ನಲ್ಲಾದರೆ ಮೈಕ್ರಾನ್‌ಗಟ್ಟಲೆ ದೂರ ಎಲ್ಲೂ ನಿಲ್ಲದೆ ಓಡುತ್ತವೆ. ನಮ್ಮ ಕಾಳು, ಅಂದರೆ ಎಲೆಕ್ಟ್ರಾನ್, ಚೆನ್ನಾಗಿ ಡೋಪ್ ಮಾಡಿದ, ಅಂದರೆ ವಿದ್ಯುತ್ ಹರಿಯಲೆಂದು ಬೇರೆ ಪರಮಾಣು ಸ್ವಲ್ಪ ಸೇರಿಸಿದ, ಅರೆವಾಹಕದಲ್ಲಿ ಕೆಲವೇ ನ್ಯಾನೊಮೀಟರಿಗೊಮ್ಮೆ ಹೇಗೂ ಡಿಕ್ಕಿ ಹೊಡೆಯುತ್ತಿರುತ್ತದೆ. ಈ ವ್ಯತ್ಯಾಸವೇ ನಮಗೆ ಸಿಕ್ಕ ಸಂದು. ಹತ್ತಾರು ನ್ಯಾನೊಮೀಟರಿಗೊಂದು ಗೋಡೆ ಕಟ್ಟಿದರೆ ದೂರ ಓಡುವ ಫೋನಾನ್ ಎಡವುತ್ತದೆ. ಎಲೆಕ್ಟ್ರಾನಿಗೆ ಅಷ್ಟೊಂದು ವ್ಯತ್ಯಾಸವಾಗುವುದಿಲ್ಲ.

ಈಗ ದಾರಿಗಳಿಗೆ ಬರೋಣ.

ಬೆರಕೆ: ನ್ಯಾನೊ ಅಲ್ಲದ, ಆದರೆ ಬಿಡಬಾರದ ದಾರಿ

ಸಿಲಿಕಾನ್ 148, ಜರ್ಮೇನಿಯಂ ಸುಮಾರು 60. ಎರಡನ್ನೂ ಬೆರೆಸಿ ಡೋಪ್ ಮಾಡಿದರೆ 5ರ ಹತ್ತಿರ ಬರುತ್ತದೆ! ಸರಾಸರಿ ಅಲ್ಲ, ಎರಡಕ್ಕಿಂತಲೂ ಎಷ್ಟೋ ಕಡಿಮೆ. ಹಗುರ ಪರಮಾಣುಗಳ ಸಾಲಿನಲ್ಲಿ ಅಲ್ಲಲ್ಲಿ ಭಾರದ ಪರಮಾಣು ಕೂತರೆ ಅಲೆ ಚೆದುರುತ್ತದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳಿಗೆ ವಿದ್ಯುತ್ ಕೊಡುತ್ತಿರುವುದು ಇದೇ ಸಿಲಿಕಾನ್-ಜರ್ಮೇನಿಯಂ. ನ್ಯಾನೊ ಎನ್ನುವ ಮಾತು ಆಗ ಫ್ಯಾಷನ್ನೇ ಆಗಿರಲಿಲ್ಲ.

ಆದರೆ ಪರಮಾಣು ಗಾತ್ರದ ಅಡ್ಡಿ ಹಿಡಿಯುವುದು ಕಿರು ಅಲೆಗಳನ್ನು ಮಾತ್ರ. ಆವರ್ತನ ಅರ್ಧಕ್ಕೆ ಇಳಿದರೆ ಚೆದುರಿಕೆ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಉದ್ದ ಅಲೆಗಳು "ಏನೋ ಸಣ್ಣ ಕಲ್ಲು" ಅಂತ ದಾಟಿ ಹೋಗುತ್ತವೆ. ಅವನ್ನು ಹಿಡಿಯೋಕೆ ಮುಂದಿನ ಜರಡಿ ಬೇಕು.

ಬೆರಕೆಯ ದೊಡ್ಡ ಗುಣ ಬಾಳಿಕೆ. ಕಾಯಿಸಿದರೆ ಹಾಳಾಗುವಂಥ ಗೋಡೆಗಳೇ ಅದರಲ್ಲಿಲ್ಲ. ಬೆರಕೆ ಸರಿಯಾಗಿ ಮಾಡದೆ ನೇರ ನ್ಯಾನೊಗೆ ಹಾರುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಅರೆದು ಒತ್ತುವ ದಾರಿ

ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮಂಥ ಊರಿನ ಕಾಲೇಜಿಗೆ ಕೈಗೆಟುಕುವ ನ್ಯಾನೊ ದಾರಿ ಇದೊಂದೇ.

ಮಾಡುವುದು ಸರಳ. ಬೆರಕೆಯನ್ನು ಬಾಲ್ ಮಿಲ್‌ನಲ್ಲಿ, ಅಂದರೆ ಗುಂಡುಗಳು ಬಡಿದು ಪುಡಿ ಮಾಡುವ ಜಾರ್‌ನಲ್ಲಿ, ಗಂಟೆಗಟ್ಟಲೆ ಅರೆಯುತ್ತೀರಿ. ಕಣಗಳು ಹತ್ತಾರು ನ್ಯಾನೊಮೀಟರಿಗೆ ಬರುತ್ತವೆ. ಆಮೇಲೆ ಬಿಸಿಯಲ್ಲಿ ಒತ್ತಿ ಬಿಲ್ಲೆ ಮಾಡುತ್ತೀರಿ. ಹಾಟ್ ಪ್ರೆಸ್ ಆಗಬಹುದು, ವಿದ್ಯುತ್ ಹರಿಸಿ ಬೇಗ ಕಾಯಿಸಿ ಒತ್ತುವ ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್ ಆಗಬಹುದು. ಎರಡನೆಯದರಲ್ಲಿ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುವುದರಿಂದ ಕಣ ಬೆಳೆಯೋಕೆ ಸಮಯ ಸಿಗುವುದಿಲ್ಲ. 2008ರಲ್ಲಿ ಅಮೆರಿಕದ ಬಾಸ್ಟನ್ ಕಾಲೇಜು ಮತ್ತು ಎಂಐಟಿಯವರು ಸೇರಿ ಹೀಗೆ ಬಿಸ್ಮತ್-ಆ್ಯಂಟಿಮನಿ-ಟೆಲ್ಲುರೈಡ್ ಅರೆದು ಒತ್ತಿ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಝಡ್‌ಟಿ 1.4 ತೋರಿಸಿದರು. ಅಲ್ಲಿಯವರೆಗೆ ಮಾರುಕಟ್ಟೆಯ ಸರಕು 1ರ ಸುತ್ತಲೇ ದಶಕಗಟ್ಟಲೆ ಗಿರಕಿ ಹೊಡೆಯುತ್ತಿತ್ತು. ಅದೇ ವರ್ಷ ಪಿ-ಮಾದರಿಯ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳು ವಿದ್ಯುತ್ ಹೊರುವಂಥ) ಸಿಲಿಕಾನ್-ಜರ್ಮೇನಿಯಂ ಕೂಡ ಇದೇ ದಾರಿಯಲ್ಲಿ ಸುಮಾರು 0.5ರಿಂದ 0.95ಕ್ಕೆ ಏರಿತು. ಬೆರಕೆ ಬಿಟ್ಟ ಉದ್ದ ಅಲೆಗಳನ್ನು ಕಣದ ಅಂಚುಗಳು ಹಿಡಿದವು. ಒಂದರ ಮೇಲೆ ಇನ್ನೊಂದು ಜರಡಿ.

ಕಷ್ಟಗಳೂ ಹೇಳಬೇಕು. ನುಣ್ಣಗಿನ ಪುಡಿ ಗಾಳಿ ಕಂಡರೆ ಆಕ್ಸೈಡ್ ಆಗುತ್ತದೆ, ಕೆಲವೊಮ್ಮೆ ಜಾರ್ ತೆರೆದಾಗ ಹೊತ್ತಿಕೊಳ್ಳುವ ಅಪಾಯವೂ ಇದೆ. ಆರ್ಗಾನ್ ತುಂಬಿದ ಗ್ಲವ್ ಬಾಕ್ಸ್ ಬೇಕೇ ಬೇಕು. ಉಕ್ಕಿನ ಗುಂಡುಗಳಿಂದ ಕಬ್ಬಿಣ ಸವೆದು ಮಾದರಿಗೆ ಸೇರುತ್ತದೆ. ಎನ್-ಮಾದರಿಯ (ಎಲೆಕ್ಟ್ರಾನ್‌ಗಳೇ ವಿದ್ಯುತ್ ಹೊರುವಂಥ) ಬಿಸ್ಮತ್ ಟೆಲ್ಲುರೈಡ್ ಅರೆದರೆ ಹರಳಿನಲ್ಲಿ ದೋಷಗಳು ಹುಟ್ಟಿ, ನೀವು ಕೇಳದೇ ಇದ್ದ ಎಲೆಕ್ಟ್ರಾನ್‌ಗಳು ಹೆಚ್ಚಾಗುತ್ತವೆ. ಡೋಪಿಂಗ್ ಲೆಕ್ಕವೆಲ್ಲ ತಲೆಕೆಳಗು. ಅದಕ್ಕೇ ಹೊಸಬರಿಗೆ ಪಿ-ಮಾದರಿಯೇ ವಾಸಿ ಅನ್ನುತ್ತೇನೆ. ಇನ್ನು ಟೆಲ್ಲುರಿಯಂ ಪುಡಿ ಮೈಗೆ ಸೇರಿದರೆ ಉಸಿರಿಗೆ ದಿನಗಟ್ಟಲೆ ಬೆಳ್ಳುಳ್ಳಿ ವಾಸನೆ. ಮಾಸ್ಕ್ ಹಾಕಿಕೊಳ್ಳಿ.

ನಾನು ಮಾಡಿದ ತಪ್ಪು ಇದ್ಯಾವುದೂ ಅಲ್ಲ. ವರ್ಷಗಳ ಹಿಂದೆ ಬೇರೊಂದು ಲ್ಯಾಬಿನಲ್ಲಿದ್ದಾಗ ನಮ್ಮ ಬಿಲ್ಲೆಗೆ ಝಡ್‌ಟಿ 1.7 ಬಂತು. ಅವತ್ತು ಎಲ್ಲರಿಗೂ ಮಸಾಲೆ ದೋಸೆ. ಪೇಪರ್ ಬರೆಯೋಕೆ ಕೂತಾಗ ಒಬ್ಬ ಹಿರಿಯರು ಒಂದೇ ಪ್ರಶ್ನೆ ಕೇಳಿದರು: "ಎರಡೂ ಒಂದೇ ದಿಕ್ಕಲ್ಲಿ ಅಳೆದಿದ್ದೀರಾ?" ಇರಲಿಲ್ಲ. ಬಿಸ್ಮತ್ ಟೆಲ್ಲುರೈಡ್ ಪದರ ಪದರವಾಗಿರುವ ವಸ್ತು. ಒತ್ತಿದಾಗ ಪದರಗಳು ಚಪಾತಿ ಜೋಡಿಸಿದ ಹಾಗೆ ಮಲಗುತ್ತವೆ. ಪದರದ ಉದ್ದಕ್ಕೆ ವಿದ್ಯುತ್ತೂ ಶಾಖವೂ ಚೆನ್ನಾಗಿ ಹರಿಯುತ್ತವೆ, ಅಡ್ಡಕ್ಕೆ ಎರಡೂ ಕಡಿಮೆ. ಲೇಸರ್ ಫ್ಲ್ಯಾಶ್ ಯಂತ್ರ ಶಾಖವನ್ನು ಬಿಲ್ಲೆಯ ದಪ್ಪದಲ್ಲಿ ಅಳೆದಿತ್ತು. ವಿದ್ಯುತ್ತನ್ನು ನಾವು ಅಗಲದಲ್ಲಿ ಅಳೆದಿದ್ದೆವು. ಎರಡು ಬೇರೆ ದಿಕ್ಕಿನ ಒಳ್ಳೆಯ ಸಂಖ್ಯೆಗಳನ್ನು ಸೇರಿಸಿ ಇಲ್ಲದ ವಸ್ತುವೊಂದನ್ನು ಸೃಷ್ಟಿಸಿದ್ದೆವು. ಒಂದೇ ದಿಕ್ಕಲ್ಲಿ ಅಳೆದಾಗ 1ರ ಕೆಳಗೆ ಇಳಿಯಿತು. ದೋಸೆ ದುಡ್ಡು ದಂಡ.

ಇನ್ನೊಂದು ಬಲೆ ಸಾಂದ್ರತೆ. ಬಿಲ್ಲೆ ಸರಿಯಾಗಿ ಒತ್ತದೆ ಒಳಗೆ ತೂತು ಉಳಿದರೂ ಶಾಖ ವಾಹಕತೆ ಇಳಿಯುತ್ತದೆ. ಅದು ನ್ಯಾನೊ ಮಹಿಮೆ ಅಲ್ಲ, ಬರೀ ತೂತು. ವಿದ್ಯುತ್ ವಾಹಕತೆಯೂ ಜೊತೆಗೇ ಇಳಿದಿರುತ್ತದೆ. ನೀರಿನಲ್ಲಿ ಮುಳುಗಿಸಿ ತೂಕ ಮಾಡುವ ಆರ್ಕಿಮಿಡೀಸನ ಹಳೇ ಉಪಾಯವೇ ಸಾಕು, ಮೊದಲು ಅದನ್ನು ಮಾಡಿ.

ಒಳಗೇ ಹುಟ್ಟುವ ಚುಕ್ಕೆಗಳು

ಸಕ್ಕರೆ ಪಾಕ ಆರಿದಾಗ ಹರಳು ಕಟ್ಟುತ್ತದಲ್ಲ, ಹಾಗೆ. ಬಿಸಿಯಲ್ಲಿ ಕರಗಿದ್ದ ಎರಡನೇ ವಸ್ತು ತಣ್ಣಗಾಗುವಾಗ ಹೊರಬಂದು, ಮೂಲ ವಸ್ತುವಿನೊಳಗೇ ನ್ಯಾನೊ ಚುಕ್ಕೆಗಳಾಗಿ ಕೂರುತ್ತದೆ. ಕಣದ ಅಂಚಿಗಿಂತ ಇದು ನಾಜೂಕು. ಚುಕ್ಕೆಯ ಪರಮಾಣು ಸಾಲು ಸುತ್ತಲಿನ ಸಾಲಿಗೆ ಹೊಂದಿಕೊಂಡಿದ್ದರೆ, ವಿದ್ಯುತ್ ಹೊರುವವರು ಎಡವದೆ ದಾಟುತ್ತಾರೆ, ಫೋನಾನ್ ಎಡವುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಕೆಲಸ 2012ರದ್ದು, ಲೆಡ್ ಟೆಲ್ಲುರೈಡಿನೊಳಗೆ ಸ್ಟ್ರಾನ್ಷಿಯಂ ಟೆಲ್ಲುರೈಡ್ ಚುಕ್ಕೆಗಳು. ಅಜ್ಜಿಯ ಮೂರು ಸಾಮಾನು ಇಲ್ಲಿ ಲೆಕ್ಕಕ್ಕೆ ಸಿಗುತ್ತವೆ. ಪರಮಾಣು ಮಟ್ಟದ ಅಡ್ಡಿ ಮಾತ್ರ ಇದ್ದಾಗ ಝಡ್‌ಟಿ ಸುಮಾರು 1.1. ನ್ಯಾನೊ ಚುಕ್ಕೆ ಸೇರಿಸಿದಾಗ 1.7. ಅದನ್ನೇ ಪುಡಿ ಮಾಡಿ ಒತ್ತಿ, ಇನ್ನೂ ದೊಡ್ಡ ಗಾತ್ರದ ಕಣಗಳ ಅಂಚನ್ನೂ ಸೇರಿಸಿದಾಗ 2.2. ಆ ಪ್ರಬಂಧದ ಮೊದಲ ಲೇಖಕರು ಕನಿಷ್ಕ ಬಿಸ್ವಾಸ್. ಆಗ ಅಮೆರಿಕದಲ್ಲಿ ರಸಾಯನ ವಿಜ್ಞಾನಿ ಕನಾಟ್ಜಿಡಿಸ್ ಅವರ ತಂಡದಲ್ಲಿದ್ದರು. ಈಗ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದಾರೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಬಸ್ ಹತ್ತಿದರೆ ಹೆಬ್ಬಾಳಕ್ಕೆ ಮುಂಚೆಯೇ ಸಿಗುತ್ತದೆ. ನಮ್ಮ ಮಕ್ಕಳಿಗೆ ಈ ಮಾತು ಹೇಳಿದಾಗ ಅವರ ಕಣ್ಣು ಅರಳಿದ್ದು ನೋಡಬೇಕಿತ್ತು.

ಆದರೆ 2.2 ಬಂದದ್ದು ಸುಮಾರು 640 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಣ್ಣನ ಒಲೆಯ ಗೋಡೆ 150 ದಾಟುವುದಿಲ್ಲ. ಆ ಬಿಸಿಯಲ್ಲಿ ಲೆಡ್ ಟೆಲ್ಲುರೈಡ್‌ಗಿಂತ ಬಿಸ್ಮತ್ ಟೆಲ್ಲುರೈಡೇ ಮೇಲು. ಜೊತೆಗೆ ಇದು ಸೀಸ, ಮಕ್ಕಳ ಕೈಗೆ ಕೊಡೋಕೆ ನನಗೆ ಮನಸ್ಸಿಲ್ಲ. ಮೂರನೆಯದು ಬಾಳಿಕೆ. ತಿಂಗಳುಗಟ್ಟಲೆ ಕಾಯಿಸಿದರೆ ಸಣ್ಣ ಚುಕ್ಕೆ ಕರಗಿ ದೊಡ್ಡ ಚುಕ್ಕೆಗೆ ಸೇರುತ್ತಾ ಹೋಗುತ್ತದೆ. ಜರಡಿಯ ಕಣ್ಣು ತಾನಾಗಿಯೇ ಅಗಲವಾದ ಹಾಗೆ.

ಪದರ, ತಂತಿ: ನೋಡೋಕೆ ಚೆಂದ

1993ರಲ್ಲಿ ಎಂಐಟಿಯ ಹಿಕ್ಸ್ ಮತ್ತು ಮಿಲ್ಡ್ರೆಡ್ ಡ್ರೆಸೆಲ್‌ಹಾಸ್ ತೆಳು ಪದರಗಳಲ್ಲಿ ಝಡ್‌ಟಿ ಏರಬಹುದೆಂದು ಲೆಕ್ಕ ಹಾಕಿದಾಗ, ಅವರ ಮುಖ್ಯ ಆಸೆ ಎಲೆಕ್ಟ್ರಾನ್‌ಗಳ ಮೇಲಿತ್ತು. ಜನ ಮಾಡಿ ನೋಡಿದಾಗ ಲಾಭ ಹೆಚ್ಚಾಗಿ ಬಂದದ್ದು ಶಾಖ ತಡೆಯುವುದರಿಂದ. 2001ರಲ್ಲಿ ಬಿಸ್ಮತ್ ಟೆಲ್ಲುರೈಡ್, ಆ್ಯಂಟಿಮನಿ ಟೆಲ್ಲುರೈಡ್ ಪದರಗಳನ್ನು ಒಂದರ ಮೇಲೊಂದು ಜೋಡಿಸಿ, ಕೋಣೆಯ ಬಿಸಿಯಲ್ಲೇ ಸುಮಾರು 2.4 ಎಂದು ವರದಿ ಮಾಡಿದರು. ಆದರೆ ಕೆಲವೇ ಮೈಕ್ರಾನ್ ದಪ್ಪದ ಪದರದ ಎರಡು ಬದಿಗೆ ನೂರು ಡಿಗ್ರಿ ವ್ಯತ್ಯಾಸ ಹೇಗೆ ನಿಲ್ಲಿಸುತ್ತೀರಿ? ಚಿಪ್‌ಗಳ ಮೇಲಿನ ಬಿಸಿ ಚುಕ್ಕೆ ತಣಿಸೋಕೆ ಸರಿ, ಒಲೆಗೆ ಅಲ್ಲ.

ತಂತಿಯ ಕಥೆಯೂ ಅದೇ. 2008ರಲ್ಲಿ ಬರ್ಕ್ಲಿಯ ತಂಡ 50 ನ್ಯಾನೊಮೀಟರ್ ದಪ್ಪದ ಒರಟು ಸಿಲಿಕಾನ್ ತಂತಿಯಲ್ಲಿ ಶಾಖ ವಾಹಕತೆಯನ್ನು 1.6ಕ್ಕೆ ಇಳಿಸಿತು, ಝಡ್‌ಟಿ 0.6. ಮೇಲೆ ನೂರು ಪಟ್ಟು ಅಂದೆನಲ್ಲ, ಅದು ಇದೇ. ಹುಲ್ಲಿನಂತೆ ನಿಂತ ತಂತಿಗಳನ್ನೆಲ್ಲ ಸೇರಿಸಿ, ಮೇಲೂ ಕೆಳಗೂ ಒಳ್ಳೆಯ ಸಂಪರ್ಕ ಕೊಟ್ಟು ಮಾಡ್ಯೂಲ್, ಅಂದರೆ ನೇರ ಬಳಸಬಹುದಾದ ಸಾಧನ, ಮಾಡುವುದು ನಮ್ಮ ಕೈಲಾಗುವ ಕೆಲಸವಲ್ಲ. ಸೆಮಿನಾರಿಗೆ ಆರಿಸಿಕೊಳ್ಳಿ, ಪ್ರಾಜೆಕ್ಟಿಗೆ ಬೇಡ.

ಹುಟ್ಟಾ ಮಂದಗತಿಯ ವಸ್ತುಗಳು

ಕೆಲವು ಹರಳುಗಳಲ್ಲಿ ಬಂಧಗಳೇ ಎಷ್ಟು ಮೆದು, ಎಷ್ಟು ಓರೆಕೋರೆ ಅಂದರೆ, ಜರಡಿ ಹಿಡಿಯುವ ಮೊದಲೇ ಶಾಖ ತೆವಳುತ್ತಿರುತ್ತದೆ. ಟಿನ್ ಸೆಲೆನೈಡ್ ಇದರ ದೊಡ್ಡ ಹೆಸರು. 2014ರಲ್ಲಿ ಒಂಟಿ ಹರಳಿನಲ್ಲಿ, ಒಂದು ದಿಕ್ಕಿನಲ್ಲಿ, 650 ಡಿಗ್ರಿಯಲ್ಲಿ 2.6. ಇಲ್ಲಿ ಒಂದು ತಮಾಷೆ ಇದೆ. ಅದನ್ನೇ ಸಣ್ಣ ಕಣಗಳ ಬಿಲ್ಲೆ ಮಾಡಿದಾಗ ಶಾಖ ವಾಹಕತೆ ಇಳಿಯಬೇಕಿತ್ತು, ಎಷ್ಟೋ ಲ್ಯಾಬ್‌ಗಳಲ್ಲಿ ಏರಿತು! ಕಣದ ಅಂಚಿನಲ್ಲಿ ಕಟ್ಟಿದ್ದ ತವರದ ಆಕ್ಸೈಡ್ ಶಾಖಕ್ಕೆ ಒಳ್ಳೆಯ ದಾರಿಯಾಗಿತ್ತು. ಆಕ್ಸೈಡ್ ತೆಗೆದು ಶುದ್ಧ ಮಾಡಿದ ಮೇಲೆ 2021ರಲ್ಲಿ ಬಿಲ್ಲೆಯಲ್ಲೇ 3.1 ಬಂತು, ಅದೂ 510 ಡಿಗ್ರಿಯಲ್ಲಿ. ಅಂಚು ಜಾಸ್ತಿಯಾದರೆ ಸಾಲದು, ಅಂಚಿನಲ್ಲಿ ಏನು ಕೂತಿದೆ ಅನ್ನುವುದೂ ಮುಖ್ಯ.

ಅದೇ 2021ರಲ್ಲಿ ಜಕ್ಕೂರಿನ ತಂಡ ಬೆಳ್ಳಿ-ಆ್ಯಂಟಿಮನಿ-ಟೆಲ್ಲುರೈಡಿಗೆ ಸ್ವಲ್ಪ ಕ್ಯಾಡ್ಮಿಯಂ ಸೇರಿಸಿ, 300 ಡಿಗ್ರಿಯಲ್ಲಿ 2.6 ತೋರಿಸಿತು. ಅಡ್ಡಾದಿಡ್ಡಿ ಕೂತ ಪರಮಾಣುಗಳು ಅಲ್ಲಲ್ಲಿ ಕ್ರಮವಾಗಿ ಕೂತು ನ್ಯಾನೊ ತುಣುಕುಗಳಾದವು. ಎಲೆಕ್ಟ್ರಾನ್‌ಗೆ ಸಂಬಂಧಿಸಿದ ಗುಣ ಸುಧಾರಿಸಿತು, ಫೋನಾನ್ ಇನ್ನಷ್ಟು ಎಡವಿತು. ಪಿಎಚ್.ಡಿ. ಮಾಡುವ ಆಸೆ ಇರುವವರು ಈ ಕಡೆ ನೋಡಿ. ಎಂ.ಎಸ್ಸಿ. ಕೊನೆಯ ಸೆಮಿಸ್ಟರಿಗೆ ಇದು ಜಾಸ್ತಿಯಾಯಿತು.

ಒಲೆಯ ಲೆಕ್ಕ

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬಳು ಕೇಳಿದಳು: "ಸಾರ್, 1ರಿಂದ 1.4 ಆದ್ರೆ ಫ್ಯಾನ್ ಎಷ್ಟು ಜಾಸ್ತಿ ತಿರುಗುತ್ತೆ?" ಒಳ್ಳೆ ಪ್ರಶ್ನೆ. ಬಿಸಿ ಬದಿ 150, ತಣ್ಣನೆ ಬದಿ 50 ಡಿಗ್ರಿ ಇಟ್ಟುಕೊಳ್ಳಿ. ಈ ಎರಡು ಬಿಸಿಗಳ ನಡುವೆ ಯಾವ ಯಂತ್ರವೂ ದಾಟಲಾಗದ ಕಾರ್ನೋ ಮಿತಿಯೇ ಶೇ. 24ರ ಒಳಗೆ. ಸರಾಸರಿ ಝಡ್‌ಟಿ 1 ಇದ್ದರೆ ವಸ್ತುವಿನ ದಕ್ಷತೆ ಸುಮಾರು ಶೇ. 4.5. ಅದು 1.4 ಆದರೆ ಶೇ. 5.6. ನೂರು ವ್ಯಾಟ್ ಶಾಖಕ್ಕೆ ಒಂದು ವ್ಯಾಟ್ ಜಾಸ್ತಿ.

ಈಗ ತಣ್ಣನೆ ಬದಿಗೆ ಗಾಳಿ ಸರಿಯಾಗಿ ಆಡದೆ ಅದು 100 ಡಿಗ್ರಿಗೆ ಏರಿತು ಅನ್ನಿ. 1.4ರ ಉತ್ತಮ ವಸ್ತುವೂ ಶೇ. 2.7ಕ್ಕೆ ಕುಸಿಯುತ್ತದೆ. ಅಂದರೆ ಚೆನ್ನಾಗಿ ತಣಿಸಿದ ಸಾಧಾರಣ ವಸ್ತುವಿನ ಮುಂದೆ ತಣಿಸದ ನ್ಯಾನೊ ವಸ್ತು ಸೋಲುತ್ತದೆ. ಶಾಖ ವಾಹಕತೆ ಕಡಿಮೆಯಾದಾಗ ಎರಡು ಬದಿಯ ವ್ಯತ್ಯಾಸ ಉಳಿಸೋಕೆ ಅದೂ ಸ್ವಲ್ಪ ಸಹಾಯ ಮಾಡುತ್ತದೆ, ನಿಜ. ಆದರೆ ಹೀಟ್ ಸಿಂಕ್ (ತಣ್ಣನೆ ಬದಿಯ ಶಾಖವನ್ನು ಗಾಳಿಗೆ ಬಿಡುವ ಲೋಹದ ತುಂಡು) ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ.

ಹಾಗಾಗಿ ನಿಮಗೆ ಬೇಕಾಗಿರುವುದು ಫ್ಯಾನ್ ಮಾತ್ರವಾದರೆ ವಸ್ತು ಮಾಡೋಕೆ ಹೋಗಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮಾಡ್ಯೂಲ್ ಕೊಳ್ಳಿ. ಕೊಳ್ಳುವಾಗ ಒಂದು ಎಚ್ಚರ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಟಿಇಸಿ1-12706 ತಣಿಸೋಕೆ ಮಾಡಿದ್ದು. ಅದರ ಬೆಸುಗೆ 138 ಡಿಗ್ರಿಗೇ ಕರಗುತ್ತದೆ. ಒಲೆಗೆ ಅಂಟಿಸಿದರೆ ಅವತ್ತೇ ಅದರ ಕಥೆ ಮುಗಿಯಿತು. ಜನರೇಟರ್ ಮಾದರಿಯದನ್ನೇ ಕೇಳಿ, ಎಷ್ಟು ಬಿಸಿ ತಡೆಯುತ್ತದೆ ಅಂತ ಹಾಳೆ ನೋಡಿಯೇ ದುಡ್ಡು ಕೊಡಿ.

ಕಲಿಯುವುದು ಉದ್ದೇಶವಾದರೆ, ಪಿ-ಮಾದರಿಯ ಬಿಸ್ಮತ್-ಆ್ಯಂಟಿಮನಿ-ಟೆಲ್ಲುರೈಡ್ ಬೆರಕೆ, ಅರೆದು ಒತ್ತುವ ದಾರಿ. ಒಂದೇ ಬೆರಕೆಯಿಂದ ಎರಡು ಬಿಲ್ಲೆ: ಒಂದು ಕೈಯಲ್ಲಿ ಕುಟ್ಟಿದ ದಪ್ಪ ಪುಡಿಯದು, ಒಂದು ಬಾಲ್ ಮಿಲ್‌ನದು. ಒಂದೇ ದಿಕ್ಕಿನಲ್ಲಿ ಶಾಖ, ವಿದ್ಯುತ್, ಸೀಬೆಕ್ ಮೂರನ್ನೂ ಅಳೆಯಿರಿ. ಶಾಖ ಎಷ್ಟು ಇಳಿಯಿತು, ವಿದ್ಯುತ್ ಎಷ್ಟು ಇಳಿಯಿತು, ಎರಡನ್ನೂ ಪಕ್ಕಪಕ್ಕ ಬರೆಯಿರಿ. ಆಮೇಲೆ ಎರಡು ಬಿಲ್ಲೆಯನ್ನೂ 150 ಡಿಗ್ರಿಯಲ್ಲಿ ಎರಡು ವಾರ ಇಟ್ಟು ಮತ್ತೆ ಅಳೆಯಿರಿ. ಈ ಕೊನೆಯ ಹೆಜ್ಜೆ ಬಹಳ ಜನ ಮಾಡುವುದಿಲ್ಲ. ನನ್ನ ಮಟ್ಟಿಗೆ ಪ್ರಾಜೆಕ್ಟಿನ ಅರ್ಧ ಅಂಕ ಅದಕ್ಕೇ.

ನನ್ನ ಮಕ್ಕಳು ಎರಡನ್ನೂ ಮಾಡಿದರು. ಬಿಲ್ಲೆಗಳು ಇನ್ನೂ ಓವನ್‌ನಲ್ಲಿವೆ. ಅಂಗಡಿ ಮಾಡ್ಯೂಲ್ ಒಲೆಯ ಗೋಡೆಗೆ ಹೋಯಿತು. ಮೊದಲ ದಿನ ಹೀಟ್ ಸಿಂಕ್ ಕಾದು ಇಪ್ಪತ್ತು ನಿಮಿಷಕ್ಕೆ ಫ್ಯಾನ್ ನಿಂತಿತು. ಎರಡನೇ ಸಲ ಗೂಡಿನ ಬಾನಿಗೆ ಹೋಗುವ ತಣ್ಣೀರಿನ ಪೈಪನ್ನು ತಣ್ಣನೆ ಬದಿಗೆ ಸುತ್ತಿ ಒಳಗೆ ಬಿಟ್ಟರು. ಫ್ಯಾನ್ ಮಧ್ಯಾಹ್ನದವರೆಗೂ ತಿರುಗಿತು. ಅಣ್ಣ ಫ್ಯಾನ್ ಕಡೆ ತಿರುಗಿಯೂ ನೋಡಲಿಲ್ಲ. ಪೈಪಿನಿಂದ ಬೀಳುತ್ತಿದ್ದ ಉಗುರುಬೆಚ್ಚಗಿನ ನೀರಿಗೆ ಕೈ ಒಡ್ಡಿ, "ಇದು ಚೆನ್ನಾಗಿದೆ, ಸೌದೆ ಉಳೀತದೆ. ಫ್ಯಾನ್ ಬಿಚ್ಚಿದ್ರೂ ಈ ಪೈಪ್ ಮಾತ್ರ ಬಿಚ್ಚಬೇಡ್ರಪ್ಪ" ಅಂದರು.